12 ಜೋಡಿಯ ಡಿಎನ್‌ಎ ಮಾದರಿ ಕಿಟ್: ತಪ್ಪು ಜೋಡಣೆಯನ್ನು ಎಷ್ಟರಮಟ್ಟಿಗೆ ತಡೆಯುತ್ತದೆ?

ಪಿಯು ಕಾಲೇಜಿನ ಪ್ರಯೋಗಾಲಯಗಳಿಗೆ ಸಾಮಾನು ಒದಗಿಸುವ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಸಿಗುವ, ಬಿಡಿಭಾಗಗಳಿಂದ ಕಟ್ಟುವ ಪ್ಲಾಸ್ಟಿಕ್ ಡಿಎನ್‌ಎ ಕಿಟ್ ಇದು. ಒಂದೇ ಅಚ್ಚಿನ ಮಾಲು ಬೇರೆ ಬೇರೆ ಹೆಸರಿನ ಡಬ್ಬಗಳಲ್ಲಿ ಬರುವುದರಿಂದ ಹೆಸರನ್ನು ಬದಿಗಿಟ್ಟು ಭಾಗಗಳನ್ನೇ ನೋಡಿದ್ದೇವೆ. ಅಳೆಯಲು ಇಟ್ಟುಕೊಂಡದ್ದು ಒಂದೇ ಪ್ರಶ್ನೆ: ವಿದ್ಯಾರ್ಥಿ ತಪ್ಪಾಗಿ ಜೋಡಿಸಲು ಹೋದಾಗ ಕಿಟ್ ಅವನ ಕೈ ತಡೆಯುತ್ತದೆಯೇ? ವಸ್ತು ಪ್ರದರ್ಶನದ ಥರ್ಮಾಕೋಲ್ ಗುಂಡುಗಳಲ್ಲಿ ಯಾವುದನ್ನು ಯಾವುದಕ್ಕೆ ಬೇಕಾದರೂ ಚುಚ್ಚಬಹುದು. ಹಾಗೆ ಚುಚ್ಚಿದ ಮಾದರಿ ನೋಡಲು ಚೆಂದ, ಕಲಿಸುವುದು ಮಾತ್ರ ಕಡಿಮೆ.

ಈ ಪ್ರಶ್ನೆ ಡಿಎನ್‌ಎ ರಚನೆ ಪತ್ತೆಯಾದ ಕತೆಯೊಳಗೇ ಇದೆ. 1951ರ ಕೊನೆಯಲ್ಲಿ ಕೇಂಬ್ರಿಜ್‌ನಲ್ಲಿ ವಾಟ್ಸನ್ ಮತ್ತು ಕ್ರಿಕ್ ಕಟ್ಟಿದ ಮೊದಲ ಮಾದರಿಗೆ ಮೂರು ಎಳೆಗಳಿದ್ದವು, ಫಾಸ್ಫೇಟ್‌ಗಳು ಒಳಗಿದ್ದವು. ಅದನ್ನು ನೋಡಿದ, ಎಕ್ಸ್-ಕಿರಣಗಳಿಂದ ಡಿಎನ್‌ಎ ಪರೀಕ್ಷಿಸುತ್ತಿದ್ದ ವಿಜ್ಞಾನಿ ರೊಸಾಲಿಂಡ್ ಫ್ರಾಂಕ್ಲಿನ್, ಫಾಸ್ಫೇಟ್‌ಗಳು ನೀರಿಗೆ ತಾಗುವಂತೆ ಹೊರಗಿರಬೇಕು ಎಂದು ತಪ್ಪು ತೋರಿಸಿದರು. 1953ರ ಆರಂಭದಲ್ಲಿ ವಾಟ್ಸನ್ ರಟ್ಟಿನಲ್ಲಿ ಪ್ರತ್ಯಾಮ್ಲಗಳನ್ನು (ಎರಡು ಎಳೆಗಳ ನಡುವೆ ಮೆಟ್ಟಿಲಾಗುವ ಬೇಸ್‌ಗಳನ್ನು) ಕತ್ತರಿಸಿ ಜೋಡಿಸತೊಡಗಿದಾಗಲೂ ಹಾದಿ ತಪ್ಪಿತ್ತು. ಆಗಿನ ಪಠ್ಯಪುಸ್ತಕಗಳು ಹೈಡ್ರೋಜನ್ ಪರಮಾಣುಗಳನ್ನು ತಪ್ಪು ಜಾಗದಲ್ಲಿ ತೋರಿಸುತ್ತಿದ್ದವು. ರಸಾಯನಶಾಸ್ತ್ರಜ್ಞ ಜೆರ್ರಿ ಡೊನೊಹ್ಯೂ ಸರಿಯಾದ ರೂಪ ಹೇಳಿಕೊಟ್ಟ ಮೇಲೆಯೇ ಅಡೆನಿನ್–ಥೈಮಿನ್ ಜೋಡಿಯೂ ಗ್ವಾನಿನ್–ಸೈಟೋಸಿನ್ ಜೋಡಿಯೂ ಒಂದೇ ಅಗಲಕ್ಕೆ ಬಂದು ಕೂತವು. ತುಂಡಿನ ಆಕಾರ ಸರಿಯಿದ್ದರೆ ಉತ್ತರ ತಾನಾಗಿ ಕೂಡಿಕೊಳ್ಳುತ್ತದೆ, ಆಕಾರ ತಪ್ಪಿದ್ದರೆ ಎಷ್ಟು ಜಾಣರ ಕೈಯಲ್ಲೂ ಕೂಡುವುದಿಲ್ಲ. ನಮ್ಮ ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿ ಪ್ರೋಟೀನ್‌ಗಳ ವಿಷಯದಲ್ಲಿ ಮಾಡಿದ್ದೂ ಇದೇ ಜಾತಿಯ ಲೆಕ್ಕ: ಪರಮಾಣುಗಳು ಒಂದನ್ನೊಂದು ಎಷ್ಟು ಹತ್ತಿರ ಬಿಟ್ಟುಕೊಳ್ಳುತ್ತವೆ, ಆದ್ದರಿಂದ ಯಾವ ತಿರುವು ಸಾಧ್ಯ, ಯಾವುದು ಅಸಾಧ್ಯ. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತ ವಿಭಾಗವನ್ನೇ ಕಟ್ಟಿದರು.

ಡಬ್ಬದೊಳಗೆ ಅಡಿಪೀಠ ಮತ್ತು ಸರಳು ಬಿಟ್ಟರೆ ಸರಿಯಾಗಿ 100 ತುಂಡುಗಳಿವೆ: ಐದು ಮೂಲೆಯ ಸಕ್ಕರೆ 24, ಫಾಸ್ಫೇಟ್ 22, ಅಡೆನಿನ್, ಥೈಮಿನ್, ಗ್ವಾನಿನ್, ಸೈಟೋಸಿನ್ ತಲಾ 6, ಹೈಡ್ರೋಜನ್ ಬಂಧಕ್ಕೆ ಬಿಳಿ ಕಡ್ಡಿ 30. ಎಣಿಸಿದವರಿಗೆ ಮೊದಲ ಅನುಮಾನ ಫಾಸ್ಫೇಟಿನಲ್ಲೇ ಬರುತ್ತದೆ. ಸಕ್ಕರೆ, ಪ್ರತ್ಯಾಮ್ಲ, ಫಾಸ್ಫೇಟ್ ಸೇರಿದರೆ ಒಂದು ನ್ಯೂಕ್ಲಿಯೊಟೈಡ್ ಎಂದು ಓದಿದ ಮೇಲೆ 24 ಸಕ್ಕರೆಗೆ 24 ಫಾಸ್ಫೇಟ್ ಬೇಡವೇ? ಇಲ್ಲಿ ಕಿಟ್ ತಪ್ಪಿಲ್ಲ. 12 ಸಕ್ಕರೆಗಳ ಒಂದು ಎಳೆಯಲ್ಲಿ ಕೊಂಡಿ ಬೀಳುವ ಜಾಗ 11, ಎರಡು ಎಳೆಗೆ 22. ಹೀಗೆ ಕಟ್ಟಿದಾಗ ಎಳೆಯ 5 ಪ್ರೈಮ್ ತುದಿಯಲ್ಲಿ, ಅಂದರೆ ಸಕ್ಕರೆಯ 5ನೆಯ ಇಂಗಾಲ ಇರುವ ಕೊನೆಯಲ್ಲಿ, ಫಾಸ್ಫೇಟ್ ಇರುವುದಿಲ್ಲ, ಬರಿಯ ಹೈಡ್ರಾಕ್ಸಿಲ್ ಇರುತ್ತದೆ. ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ವಿಧಾನಕ್ಕೆಂದು ರಾಸಾಯನಿಕವಾಗಿ ತಯಾರಿಸುವ ಪ್ರೈಮರ್ ಎಂಬ ಗಿಡ್ಡ ಎಳೆಗಳೂ ಸಾಮಾನ್ಯವಾಗಿ ಹಾಗೆಯೇ ಬರುತ್ತವೆ. ಆದರೆ ಕೈಪಿಡಿಯ ಚಿತ್ರದಲ್ಲಿ ಮಾತ್ರ ಎರಡೂ ಎಳೆಗಳ ತುದಿಗೆ ಫಾಸ್ಫೇಟ್ ಬಿಡಿಸಿದ್ದಾರೆ. ಚಿತ್ರದಲ್ಲಿ 24, ಡಬ್ಬದಲ್ಲಿ 22. ಅದನ್ನು ಒಂದು ಸಾಲಿನಲ್ಲಿ ವಿವರಿಸಬೇಕಿತ್ತು.

ಈ ಕಿಟ್ಟಿನ ನಿಜವಾದ ಗಟ್ಟಿತನ ಸಕ್ಕರೆಯಲ್ಲಿದೆ. ಡಿಆಕ್ಸಿರೈಬೋಸಿನ ಉಂಗುರದಲ್ಲಿ ಐದು ಮೂಲೆ: ಒಂದರಲ್ಲಿ ಆಮ್ಲಜನಕ, ಉಳಿದ ನಾಲ್ಕರಲ್ಲಿ 1ರಿಂದ 4ರವರೆಗಿನ ಇಂಗಾಲಗಳು. ಐದನೆಯ ಇಂಗಾಲ ಉಂಗುರದ ಹೊರಗೆ, ನಾಲ್ಕನೆಯದರಿಂದ ಚಾಚಿದ ತೋಳು. ಪ್ರತ್ಯಾಮ್ಲ ಕೂರುವುದು 1ಕ್ಕೆ, ಫಾಸ್ಫೇಟ್ ಕೂರುವುದು ಒಂದು ಬದಿಯಲ್ಲಿ 3ಕ್ಕೆ, ಇನ್ನೊಂದು ಬದಿಯಲ್ಲಿ 5ಕ್ಕೆ. 2ರಲ್ಲಿ ಆಮ್ಲಜನಕವಿಲ್ಲ. ಆರ್‌ಎನ್‌ಎಯ ರೈಬೋಸಿನಲ್ಲಿ ಅದು ಇರುತ್ತದೆ, 'ಡಿಆಕ್ಸಿ' ಎಂಬ ಹೆಸರು ಬಂದದ್ದೇ ಅದು ಇಲ್ಲದ್ದರಿಂದ. ಅಗ್ಗದ ಮಾದರಿಗಳಲ್ಲಿ ಈ ಪಂಚಕೋನಕ್ಕೆ ಯಾವ ಗುರುತೂ ಇರುವುದಿಲ್ಲ, ಹೇಗೆ ತಿರುಗಿಸಿಟ್ಟರೂ ಕೂರುತ್ತದೆ. ಇಲ್ಲಿ ತೋಳು ಉಬ್ಬಿ ನಿಂತಿದೆ, ಆಮ್ಲಜನಕದ ಮೂಲೆಯಲ್ಲಿ ಅಚ್ಚಿನ ಗುರುತಿದೆ, ಫಾಸ್ಫೇಟಿನ ಒಂದು ಮೊಳೆ ದಪ್ಪ, ಇನ್ನೊಂದು ಸಣ್ಣ. ದಪ್ಪದ್ದು 5ರ ತೂತಿಗೆ ಮಾತ್ರ, ಸಣ್ಣದ್ದು 3ಕ್ಕೆ. 5ಕ್ಕೆ 5 ಜೋಡಿಸಲು ಹೋದರೆ ಮೊಳೆ ಇಳಿಯುವುದೇ ಇಲ್ಲ. ಎಳೆಗೆ ದಿಕ್ಕಿದೆ ಎಂಬ ಮಾತನ್ನು ಕರಿಹಲಗೆಯ ಮೇಲೆ ಹತ್ತು ಸಲ ಬರೆಯುವುದಕ್ಕಿಂತ ಈ ಇಳಿಯದ ಮೊಳೆ ಚೆನ್ನಾಗಿ ಹೇಳುತ್ತದೆ. ಎರಡು ಎಳೆಗಳನ್ನು ಎದುರುಬದುರು ನಿಲ್ಲಿಸಿದಾಗ ಒಂದರ ಆಮ್ಲಜನಕದ ಗುರುತು ಮೇಲ್ಮುಖ, ಇನ್ನೊಂದರದ್ದು ಕೆಳಮುಖ. ಎರಡೂ ಒಂದೇ ಕಡೆ ಮುಖ ಮಾಡಿದ್ದರೆ ಎಲ್ಲೋ ತಪ್ಪಿದ್ದೀರಿ.

ಒಂದು ಕೊರತೆ: ಆ ಗುರುತು ತೀರಾ ಚಿಕ್ಕದು, ಬೆಳಕು ಕಡಿಮೆಯಿದ್ದರೆ ಕಾಣದು. ಕಟ್ಟುವ ಮೊದಲೇ 24 ಸಕ್ಕರೆಗಳ ಆಮ್ಲಜನಕದ ಮೂಲೆಗೂ ಪರ್ಮನೆಂಟ್ ಮಾರ್ಕರ್‌ನಿಂದ ಕೆಂಪು ಚುಕ್ಕೆ ಇಡಿ.

ಪ್ರತ್ಯಾಮ್ಲಗಳಲ್ಲಿ ಎರಡು ಬೀಗಗಳಿವೆ. ಮೊದಲನೆಯದು ಉದ್ದ. ಅಡೆನಿನ್ ಮತ್ತು ಗ್ವಾನಿನ್ ಪ್ಯೂರಿನ್‌ಗಳು, ಎರಡು ಉಂಗುರದವು, ತುಂಡೂ ಉದ್ದ. ಥೈಮಿನ್ ಮತ್ತು ಸೈಟೋಸಿನ್ ಪಿರಿಮಿಡಿನ್‌ಗಳು, ಒಂದು ಉಂಗುರದವು, ಗಿಡ್ಡ. ಉದ್ದಕ್ಕೆ ಗಿಡ್ಡ ಸೇರಿದರೆ ಮಾತ್ರ ಎರಡು ಬೆನ್ನೆಲುಬುಗಳ ನಡುವಿನ ಅಂತರ ಎಲ್ಲ ಮೆಟ್ಟಿಲಲ್ಲೂ ಒಂದೇ ಆಗುತ್ತದೆ. ಎರಡು ಪ್ಯೂರಿನ್ ಸೇರಿಸಿದರೆ ಏಣಿ ಅಲ್ಲಿ ಉಬ್ಬುತ್ತದೆ, ಎರಡು ಪಿರಿಮಿಡಿನ್ ಸೇರಿಸಿದರೆ ಕಡ್ಡಿ ಎಟುಕುವುದಿಲ್ಲ. ಎರಡನೆಯ ಬೀಗ ತೂತುಗಳ ಎಣಿಕೆ: ಅಡೆನಿನ್, ಥೈಮಿನ್‌ಗೆ ಎರಡೆರಡು, ಗ್ವಾನಿನ್, ಸೈಟೋಸಿನ್‌ಗೆ ಮೂರು ಮೂರು. ಅಡೆನಿನ್‌ಗೆ ಸೈಟೋಸಿನ್ ಹಚ್ಚಿದರೆ ಉದ್ದ ಸರಿಹೋಗುತ್ತದೆ, ಆದರೆ ಒಂದು ತೂತು ಖಾಲಿ ಉಳಿದು ತಪ್ಪನ್ನು ಹೇಳುತ್ತದೆ. ಎರಡು ಬೀಗಗಳೂ ಕೂಡಿ ಸರಿಯಾದ ಜೋಡಿಗಳನ್ನಷ್ಟೇ ಉಳಿಸುತ್ತವೆ. ಚಾರ್ಗಾಫ್ ಕಂಡುಕೊಂಡ ಸಮಾನತೆ, ಅಂದರೆ ಅಡೆನಿನ್ ಎಷ್ಟೋ ಥೈಮಿನ್ ಅಷ್ಟು, ಗ್ವಾನಿನ್ ಎಷ್ಟೋ ಸೈಟೋಸಿನ್ ಅಷ್ಟು ಎಂಬುದು, ಇಲ್ಲಿ ಕಂಠಪಾಠದ ವಿಷಯವಾಗಿ ಉಳಿಯುವುದಿಲ್ಲ.

ಬಿಳಿ ಕಡ್ಡಿಗಳ ಬಗ್ಗೆ ನಮ್ಮ ತಕರಾರು ದೊಡ್ಡದು. ಕಡ್ಡಿಯ ಎರಡೂ ತುದಿ ಒಂದೇ ಥರ. ನಿಜದಲ್ಲಿ ಹೈಡ್ರೋಜನ್ ಬಂಧಕ್ಕೆ ಕೊಡುವ ಬದಿಯೊಂದು, ಪಡೆಯುವ ಬದಿಯೊಂದು. ಅಡೆನಿನ್ನಿನ ಅಮೈನೊ ಗುಂಪು ಥೈಮಿನ್ನಿನ ಆಮ್ಲಜನಕಕ್ಕೆ ಹೈಡ್ರೋಜನ್ ಚಾಚುತ್ತದೆ, ಥೈಮಿನ್ನಿನ ಸಾರಜನಕ ತನ್ನ ಹೈಡ್ರೋಜನ್ನನ್ನು ಅಡೆನಿನ್ನಿನ ಸಾರಜನಕಕ್ಕೆ ಚಾಚುತ್ತದೆ. ಒಂದು ಆ ಕಡೆಗೆ, ಒಂದು ಈ ಕಡೆಗೆ. ಡೊನೊಹ್ಯೂ ತಿದ್ದಿದ್ದು ಇದೇ ವಿವರವನ್ನು. ಅದೇ ಈ ಕಿಟ್ಟಿನಲ್ಲಿ ಇಲ್ಲ. ಕಡ್ಡಿಯ ಒಂದು ತುದಿಯನ್ನು ಮಣಿಯಂತೆ ಗುಂಡಗೆ, ಇನ್ನೊಂದನ್ನು ಬಟ್ಟಲಿನಂತೆ ಮಾಡಿದ್ದರೆ ಸಾಕಿತ್ತು. ಇನ್ನೊಂದು ತಕರಾರು ಬಿಗಿಯ ಬಗ್ಗೆ. ಸಕ್ಕರೆ–ಫಾಸ್ಫೇಟ್ ಕೊಂಡಿಯೂ ಈ ಕಡ್ಡಿಯೂ ಒಂದೇ ಗಟ್ಟಿ ಪ್ಲಾಸ್ಟಿಕ್, ಬಿಡಿಸಲು ಬೇಕಾದ ಬಲವೂ ಹೆಚ್ಚುಕಡಿಮೆ ಒಂದೇ. ಆದರೆ ಪಿಸಿಆರ್ ಯಂತ್ರದಲ್ಲಿ 94–95 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಎರಡು ಎಳೆ ಬೇರೆಯಾಗುತ್ತವೆ, ಬೆನ್ನೆಲುಬು ಮಾತ್ರ ಹಾಗೇ ಉಳಿಯುತ್ತದೆ. ಆ ವ್ಯತ್ಯಾಸ ಕೈಗೆ ತಿಳಿಯಬೇಕು. ಕಡ್ಡಿಗಳ ಒಂದು ತುದಿಯನ್ನು ಉಪ್ಪುಕಾಗದದಿಂದ ಎರಡು ಮೂರು ಸಲ ಉಜ್ಜಿ ಸಡಿಲ ಮಾಡಿಕೊಳ್ಳಿ, ಎಳೆಗಳನ್ನು ಜಿಪ್‌ನಂತೆ ತೆರೆದು ತೋರಿಸಬಹುದು. ಹೆಚ್ಚು ಉಜ್ಜಿದರೆ ಮಾದರಿ ನಿಲ್ಲುವುದಿಲ್ಲ.

ಈಗ ಸ್ಕೇಲ್ ತೆಗೆದುಕೊಳ್ಳಿ. ಜೀವಕೋಶದಲ್ಲಿ ಸಾಮಾನ್ಯವಾಗಿರುವ ಬಿ ರೂಪದ ಡಿಎನ್‌ಎಯ ಅಡ್ಡಗಲ ಸುಮಾರು 2 ನ್ಯಾನೋಮೀಟರ್, ಒಂದು ಜೋಡಿಯಿಂದ ಮುಂದಿನ ಜೋಡಿಗೆ ಏರಿಕೆ 0.34 ನ್ಯಾನೋಮೀಟರ್. 1953ರ ಮಾದರಿಯಲ್ಲಿ ಒಂದು ಸುತ್ತಿಗೆ 10 ಜೋಡಿ, ದ್ರಾವಣದಲ್ಲಿ ಅಳೆದಾಗ ಸುಮಾರು 10.5. ಹತ್ತರ ಲೆಕ್ಕವೇ ಸಾಕೆಂದುಕೊಂಡರೆ ಸುತ್ತಿನ ಎತ್ತರ ಅಡ್ಡಗಲದ 1.7 ಪಟ್ಟು ಇರಬೇಕು. ಈ ಕಿಟ್ಟಿನ ಅಡ್ಡಗಲ 10 ಸೆಂ.ಮೀ., ಹಾಗಾಗಿ ಹತ್ತು ಮೆಟ್ಟಿಲಿಗೆ 17 ಸೆಂ.ಮೀ. ಏರಬೇಕಿತ್ತು. ಅದು 24 ಏರುತ್ತದೆ. ಅಂದರೆ ಮಾದರಿಯನ್ನು ಮೇಲಕ್ಕೆ ನಲವತ್ತು ಪ್ರತಿಶತ ಎಳೆದಂತಾಗಿದೆ. ಬೆರಳು ಹಾಕಿ ಜೋಡಿಸಲು ಜಾಗ ಬೇಕೆಂದು ತಯಾರಕರು ಹೀಗೆ ಮಾಡಿರಬಹುದು, ಆದರೆ ಇದರ ಬೆಲೆ ಸಣ್ಣದಲ್ಲ. 0.34 ಎಂಬುದು ಚಪ್ಪಟೆ ಉಂಗುರಗಳ ದಪ್ಪವೇ. ಪ್ರತ್ಯಾಮ್ಲಗಳು ಹೆಂಚಿನ ಮೇಲಿಂದ ತೆಗೆದು ಒಂದರ ಮೇಲೊಂದು ಪೇರಿಸಿದ ದೋಸೆಗಳಂತೆ ಅಂಟಿಕೊಂಡಿರುತ್ತವೆ, ನಡುವೆ ನೀರಿನ ಅಣುವಿಗೂ ತೆರಪಿಲ್ಲ. ಸುರುಳಿ ಗಟ್ಟಿಯಾಗಿ ನಿಲ್ಲಲು ಹೈಡ್ರೋಜನ್ ಬಂಧಗಳಿಗಿಂತಲೂ ಈ ಪೇರಿಕೆಯ ಪಾಲು ದೊಡ್ಡದು. ಕಿಟ್ಟಿನಲ್ಲಿ ಎರಡು ಮೆಟ್ಟಿಲ ನಡುವೆ ಆಚೆ ಬದಿಯ ಗೋಡೆ ಕಾಣುತ್ತದೆ. ಅದನ್ನು ನೋಡಿದ ವಿದ್ಯಾರ್ಥಿ ಡಿಎನ್‌ಎಯನ್ನು ಟೊಳ್ಳು ಏಣಿ ಎಂದುಕೊಂಡರೆ ತಪ್ಪು ಅವನದ್ದಲ್ಲ. ಎಥಿಡಿಯಂ ಬ್ರೋಮೈಡಿನಂಥ ಬಣ್ಣ ಜೋಡಿಗಳ ನಡುವೆ ನುಗ್ಗುವಾಗ ಅವನ್ನು ದೂರ ತಳ್ಳಬೇಕಾಗುತ್ತದೆ ಎಂಬುದನ್ನೂ ಈ ಮಾದರಿಯಿಂದ ವಿವರಿಸಲಾಗದು.

ಸರಿಯಾದ ಅಳತೆಯಲ್ಲಿ, ಅಂದರೆ ಮೆಟ್ಟಿಲಿಗೆ 1.7 ಸೆಂ.ಮೀ. ಇಟ್ಟರೆ, ಮಾದರಿ ನಿಜಕ್ಕಿಂತ 5 ಕೋಟಿ ಪಟ್ಟು ದೊಡ್ಡದು. ನಮ್ಮ ಒಂದು ಜೀವಕೋಶದ ಸುಮಾರು 2 ಮೀಟರ್ ಡಿಎನ್‌ಎಯನ್ನು ಅದೇ ಅಳತೆಯಲ್ಲಿ ಕಟ್ಟಿದರೆ ಉದ್ದ 1 ಲಕ್ಷ ಕಿಲೋಮೀಟರ್, ಭೂಮಿಗೆ ಎರಡೂವರೆ ಸುತ್ತು. ತರಗತಿಯಲ್ಲಿ ಈ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸಿ.

ತೋಡುಗಳಲ್ಲಿ ಕಿಟ್ ಪೂರ್ತಿ ಸೋತಿದೆ. ನಿಜದ ಸುರುಳಿಯಲ್ಲಿ ಎರಡು ಬೆನ್ನೆಲುಬುಗಳ ನಡುವೆ ಒಂದು ದೊಡ್ಡ ತೋಡು, ಸುಮಾರು 2.2 ನ್ಯಾನೋಮೀಟರ್, ಒಂದು ಚಿಕ್ಕ ತೋಡು, ಸುಮಾರು 1.2. ಈ ಕಿಟ್ಟಿನಲ್ಲಿ ಎರಡೂ ಸಮ, 12 ಸೆಂ.ಮೀ. ಕಾರಣ, ಇಲ್ಲಿ ಪ್ರತಿ ಜೋಡಿಯೂ ನೆಟ್ಟಗಿನ ಪಟ್ಟಿ, ಅದರ ಎರಡು ತುದಿಗೆ ಸಕ್ಕರೆ. ನಿಜದಲ್ಲಿ ಸಕ್ಕರೆಗಳು ಜೋಡಿಯ ಎದುರುಬದುರು ತುದಿಗಳಲ್ಲಿ ಇರುವುದಿಲ್ಲ, ಎರಡೂ ಒಂದೇ ಪಕ್ಕಕ್ಕೆ ಸರಿದಿರುತ್ತವೆ. ಸರಿದ ಪಕ್ಕದಲ್ಲಿ ಚಿಕ್ಕ ತೋಡು, ಇನ್ನೊಂದು ಪಕ್ಕದಲ್ಲಿ ದೊಡ್ಡದು. ಜೀನುಗಳನ್ನು ಚಾಲೂ ಮಾಡುವ, ನಿಲ್ಲಿಸುವ ಪ್ರೋಟೀನ್‌ಗಳಲ್ಲಿ ಬಹಳಷ್ಟು ದೊಡ್ಡ ತೋಡಿಗೆ ಇಳಿದೇ ಅಕ್ಷರಗಳನ್ನು ಓದುತ್ತವೆ. ಆದ್ದರಿಂದ ಪದವಿ ತರಗತಿಗೆ ಈ ಕಿಟ್ ಸಾಲದು. ಇದನ್ನು ಮನೆಯಲ್ಲಿ ಸರಿಮಾಡುವ ದಾರಿಯೂ ಇಲ್ಲ.

ಸುರುಳಿಯ ಕೈ ಎಡವೋ ಬಲವೋ ಎಂಬುದನ್ನು ಕಿಟ್ ತಡೆಯುವುದಿಲ್ಲ, ಎರಡೂ ಕಡೆಗೆ ತಿರುಗುತ್ತದೆ. ಹೆಚ್ಚು ಜನ ಎಡವುವುದು ಇಲ್ಲಿಯೇ. ಪತ್ರಿಕೆ, ಜಾಹೀರಾತು, ಬ್ಯಾನರ್‌ಗಳಲ್ಲಿ ಎಡಗೈ ಸುರುಳಿ ಎಷ್ಟೋ ಸಲ ಅಚ್ಚಾಗಿರುತ್ತದೆ. ಪರೀಕ್ಷೆ ಸುಲಭ: ಮಾದರಿಯನ್ನು ನೆಟ್ಟಗೆ ನಿಲ್ಲಿಸಿ ನಿಮ್ಮ ಕಡೆ ಮುಖ ಮಾಡಿದ ಎಳೆಯನ್ನು ನೋಡಿ. ಅದು ಕೆಳಗಿನ ಎಡದಿಂದ ಮೇಲಿನ ಬಲಕ್ಕೆ ಏರಬೇಕು, ಮಾಮೂಲಿ ಬೋಲ್ಟಿನ ಮರೆಯಂತೆ. ಅನುಮಾನವಿದ್ದರೆ ಒಂದು ಬೋಲ್ಟನ್ನೇ ಪಕ್ಕದಲ್ಲಿ ಹಿಡಿಯಿರಿ. ತಲೆಕೆಳಗು ಮಾಡಿದರೆ ಬದಲಾಗಬಹುದು ಎಂದುಕೊಳ್ಳಬೇಡಿ. ಬಲಗೈ ಸುರುಳಿ ತಲೆಕೆಳಗಾದರೂ ಬಲಗೈಯದ್ದೇ, ಕನ್ನಡಿಯಲ್ಲಿ ಮಾತ್ರ ಎಡಗೈಯದ್ದಾಗುತ್ತದೆ. 1979ರಲ್ಲಿ ಸ್ಫಟಿಕದಲ್ಲಿ ಕಂಡ ಝಡ್ ರೂಪದ ಡಿಎನ್‌ಎ ಎಡಗೈಯದ್ದು ನಿಜ, ಆದರೆ ಅದರ ಸುತ್ತಿಗೆ 12 ಜೋಡಿ, ಬೆನ್ನೆಲುಬು ಅಂಕುಡೊಂಕು. ತಪ್ಪು ತಿರುಗಿಸಿದ ಬಿ ರೂಪ ಅದಾಗುವುದಿಲ್ಲ.

ಕಟ್ಟುವಾಗ ಕೈಪಿಡಿಯ ಕ್ರಮ ಬಿಟ್ಟುಬಿಡಿ. ಅದು ಒಂದು ಎಳೆಯನ್ನು ಪೂರ್ತಿ ಕಟ್ಟಿ, ಆಮೇಲೆ ಇನ್ನೊಂದನ್ನು ಕಟ್ಟಿ ಸೇರಿಸಲು ಹೇಳುತ್ತದೆ. ಹಾಗೆ ಮಾಡಿದರೆ 30 ಕಡ್ಡಿಗಳನ್ನೂ ಒಟ್ಟಿಗೆ ತೂತಿಗೆ ಹೊಂದಿಸಬೇಕಾಗುತ್ತದೆ, ಐದನೆಯದು ಕೂರುವಷ್ಟರಲ್ಲಿ ಎರಡನೆಯದು ಕಳಚುತ್ತದೆ. ಬದಲಿಗೆ ಮೊದಲು 12 ಮೆಟ್ಟಿಲುಗಳನ್ನು ಬಿಡಿಬಿಡಿಯಾಗಿ ಮಾಡಿ: ಸಕ್ಕರೆ, ಪ್ರತ್ಯಾಮ್ಲ, ಕಡ್ಡಿ, ಎದುರು ಪ್ರತ್ಯಾಮ್ಲ, ಎದುರು ಸಕ್ಕರೆ. ಮೇಜಿನ ಮೇಲೆ ಸಾಲಾಗಿ ಮಲಗಿಸಿ, ಎಡಬದಿಯ ಕೆಂಪು ಚುಕ್ಕೆಗಳೆಲ್ಲ ಮೇಲಕ್ಕೆ, ಬಲಬದಿಯವೆಲ್ಲ ಕೆಳಕ್ಕೆ ಇವೆಯೇ ನೋಡಿ. ಆಮೇಲೆ ಫಾಸ್ಫೇಟ್‌ಗಳನ್ನು ಹಾಕುತ್ತಾ ಬನ್ನಿ. ಏಣಿ ಸಿದ್ಧವಾದ ಮೇಲೆ ಸರಳಿಗೆ ಏರಿಸಿ, ಬುಡವನ್ನು ಅಡಿಪೀಠಕ್ಕೆ ಕೂರಿಸಿ, ತುದಿಯನ್ನು ಮೇಲಿಂದ ನೋಡುತ್ತಾ ಅಪ್ರದಕ್ಷಿಣವಾಗಿ ತಿರುಗಿಸಿ. ಮೆಟ್ಟಿಲಿಂದ ಮೆಟ್ಟಿಲಿಗೆ 36 ಡಿಗ್ರಿ, 12 ಮೆಟ್ಟಿಲ ನಡುವೆ ತಿರುವು 11, ಒಟ್ಟು 396 ಡಿಗ್ರಿ, ಅಂದರೆ ಒಂದು ಸುತ್ತು ಮುಗಿದು ಇನ್ನೊಂದು ಮೆಟ್ಟಿಲಷ್ಟು. ಒಂದೇ ಏಟಿಗೆ ತಿರುಗಿಸಿದರೆ ಬುಡದ ಎರಡು ಫಾಸ್ಫೇಟ್‌ಗಳ ಮೇಲೆ ಪೂರಾ ಬಲ ಬೀಳುತ್ತದೆ. ನಾಲ್ಕು ನಾಲ್ಕು ಮೆಟ್ಟಿಲನ್ನು ಕೈಯಲ್ಲಿ ಹಿಡಿದು ಹಂತಹಂತವಾಗಿ ತಿರುಗಿಸಿ.

ಯಾವ ಅಕ್ಷರಸಾಲು ಕಟ್ಟುವುದು? (ಎ ಎಂದರೆ ಅಡೆನಿನ್, ಟಿ ಥೈಮಿನ್, ಜಿ ಗ್ವಾನಿನ್, ಸಿ ಸೈಟೋಸಿನ್.) ತಲಾ 6 ಪ್ರತ್ಯಾಮ್ಲ ಕೊಟ್ಟಿರುವುದರಿಂದ ಪೂರ್ತಿ 12 ಜೋಡಿ ಕಟ್ಟಿದಾಗಲೆಲ್ಲ ಗ್ವಾನಿನ್–ಸೈಟೋಸಿನ್ ಪಾಲು ಅರ್ಧಕ್ಕೆ ನಿಲ್ಲುತ್ತದೆ. ನಾಲ್ಕೂ ಸಮವಾಗಿರಬೇಕು ಎಂಬುದು ನಿಯಮವಲ್ಲ ಎಂದು ತರಗತಿಯಲ್ಲಿ ಹೇಳಲೇಬೇಕು. ಮನುಷ್ಯರಲ್ಲಿ ಆ ಪಾಲು ಸುಮಾರು 41 ಪ್ರತಿಶತ. ಸ್ಫಟಿಕ ರಚನೆಯಿಂದ ಹೆಸರಾದ 12 ಜೋಡಿಯ ತುಂಡೊಂದಿದೆ: ಸಿಜಿಸಿಜಿ ಎಎಟಿಟಿ ಸಿಜಿಸಿಜಿ. ಅದಕ್ಕೆ 8 ಗ್ವಾನಿನ್, 8 ಸೈಟೋಸಿನ್ ಬೇಕು, ಒಂದು ಕಿಟ್ಟಿನಲ್ಲಿ ಆಗದು. ನಮ್ಮ ಸಲಹೆ ಇದು, ತಲಾ ಆರರ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ: 5 ಪ್ರೈಮ್ ತುದಿಯಿಂದ ಜಿ, ಸಿ, ಎ, ಜಿ, ಎ, ಎ, ಟಿ, ಟಿ, ಸಿ, ಟಿ, ಜಿ, ಸಿ. ಎದುರಿನ ಎಳೆಯನ್ನೂ ಅದರ 5 ಪ್ರೈಮ್ ತುದಿಯಿಂದ ಓದಿದರೆ ಇದೇ ಸಾಲು ಬರುತ್ತದೆ. ಪ್ರತಿ ಎಳೆಗೂ ನಾಲ್ಕು ಪ್ರತ್ಯಾಮ್ಲಗಳು ಮೂರು ಮೂರು, 30 ಕಡ್ಡಿಯೂ ಖರ್ಚಾಗುತ್ತವೆ.

ನಡುವಿನ ಆರು ಅಕ್ಷರ, ಜಿಎಎಟಿಟಿಸಿ, ದ್ವಿತೀಯ ಪಿಯು ಪಠ್ಯದಲ್ಲಿ ಬರುವ ಇಕೋ ಆರ್ ಒನ್ ಕಿಣ್ವ ಕತ್ತರಿಸುವ ಜಾಗ. ಅದು ಎರಡು ಎಳೆಗಳಲ್ಲೂ ಜಿ ಮತ್ತು ಎ ನಡುವೆ ಕತ್ತರಿಸುತ್ತದೆ. ಕಿಟ್ಟಿನಲ್ಲಿ ಮಾಡಿ ತೋರಿಸಲು ತಿರುವು ಬಿಚ್ಚಿ, ಸರಳಿನಿಂದ ಇಳಿಸಿ, ಎರಡೂ ಎಳೆಗಳಲ್ಲಿ ಆ ಜಿಯ ಸಕ್ಕರೆಯ 3ರ ತೂತಿನಿಂದ ಫಾಸ್ಫೇಟನ್ನು ಕಳಚಿ. ಫಾಸ್ಫೇಟ್ ಎಯ 5ರ ತೋಳಿನಲ್ಲೇ ಉಳಿಯಬೇಕು, ಕಿಣ್ವ ಬಿಡುವುದೂ ಹಾಗೆಯೇ. ಈಗ ಎರಡು ತುಂಡುಗಳನ್ನು ಹಿಡಿದಿರುವುದು ನಡುವಿನ ನಾಲ್ಕು ಎ–ಟಿ ಜೋಡಿಗಳ 8 ಕಡ್ಡಿ ಮಾತ್ರ. ಮೆಲ್ಲಗೆ ಎಳೆದರೆ ಬೇರೆಯಾಗುತ್ತವೆ. ಪ್ರತಿ ತುಂಡಿನಲ್ಲೂ ನಾಲ್ಕು ಪೂರ್ಣ ಜೋಡಿ, ಜೊತೆಗೆ ಒಂಟಿಯಾಗಿ ಚಾಚಿದ ಎಎಟಿಟಿ. ಅಂಟುತುದಿ ಎಂದರೆ ಏನು, ಅದೇ ಕಿಣ್ವದಿಂದ ಕತ್ತರಿಸಿದ ಬೇರೆ ತುಂಡು ಇದಕ್ಕೆ ಏಕೆ ಕೂರುತ್ತದೆ, ಆಮೇಲೆ ಲೈಗೇಸ್ ಎಂಬ ಬೆಸೆಯುವ ಕಿಣ್ವ ಯಾವ ಕೊಂಡಿ ಬೆಸೆಯುತ್ತದೆ ಎಂಬುದೆಲ್ಲ ಇದರಲ್ಲೇ ಸಿಗುತ್ತದೆ. ಎರಡು ಗುಂಪುಗಳಿಗೆ ಎರಡು ಕಿಟ್ ಇದ್ದರೆ ಒಂದರ ಎಡಭಾಗಕ್ಕೆ ಇನ್ನೊಂದರ ಬಲಭಾಗ ಜೋಡಿಸಿ. ಈ ಒಂದು ಪಾಠಕ್ಕೇ ಕಿಟ್ ಕೊಳ್ಳಬಹುದು.

ಮುರಿಯುವುದು ಹೆಚ್ಚಾಗಿ ಫಾಸ್ಫೇಟಿನ ಸಣ್ಣ ಮೊಳೆ. ಬಿಡಿಸುವಾಗ ಅಲ್ಲಾಡಿಸಿ ಎಳೆಯುವುದೇ ಕಾರಣ, ನೇರವಾಗಿ ಎಳೆದರೆ ಬಾಳುತ್ತದೆ. ಸಡಿಲವಾದ ಮೊಳೆಗೆ ಸೆಲ್ಲೋ ಟೇಪಿನ ಒಂದು ಸುತ್ತು ಸಾಕು. ಅಂಟು ಹಾಕಬೇಡಿ, ಒಮ್ಮೆ ಹಾಕಿದರೆ ಕಿಟ್ ಬರಿಯ ಪ್ರದರ್ಶನದ ಬೊಂಬೆಯಾಗುತ್ತದೆ. ಸರಳಿಗೆ ನಿಜದ ಡಿಎನ್‌ಎಯಲ್ಲಿ ಯಾವ ಪ್ರತಿರೂಪವೂ ಇಲ್ಲ ಎಂದು ಒಂದು ಮಾತು ಹೇಳಿಬಿಡಿ, ಇಲ್ಲವಾದರೆ ಉತ್ತರಪತ್ರಿಕೆಯ ಚಿತ್ರದಲ್ಲೂ ಬಂದು ನಿಲ್ಲುತ್ತದೆ.

ಪ್ರೌಢಶಾಲೆಗೆ, ಪಿಯುಗೆ ಧಾರಾಳವಾಗಿ ಕೊಳ್ಳಬಹುದು. ಕೊಳ್ಳುವಾಗ ಡಬ್ಬ ತೆರೆಸಿ ಮೂರನ್ನು ನೋಡಿ: ಫಾಸ್ಫೇಟಿನ ಎರಡು ಮೊಳೆಗಳ ದಪ್ಪ ಬೇರೆಬೇರೆ ಇದೆಯೇ, ಅಡೆನಿನ್ ಥೈಮಿನ್ನಿಗಿಂತ ಉದ್ದವಿದೆಯೇ, ಗ್ವಾನಿನ್ನಿಗೆ ಮೂರು ತೂತು ಇವೆಯೇ. ಒಂದಿಲ್ಲದಿದ್ದರೂ ಅದು ಬೇರೆ ಅಚ್ಚಿನ ಮಾಲು, ಬಿಟ್ಟುಬಿಡಿ. ಆರ್‌ಎನ್‌ಎಗೆ ಬೇಕಾದ ಯುರಾಸಿಲ್ (ಥೈಮಿನ್ ಬದಲಿಗೆ ಬರುವ ಪ್ರತ್ಯಾಮ್ಲ) ಮತ್ತು ರೈಬೋಸ್ ತುಂಡುಗಳು ಬೇರೆ ಪೊಟ್ಟಣದಲ್ಲಿ ಸಿಗುತ್ತವೆಯೇ ಎಂದು ವಿಚಾರಿಸಿ, ಸಿಕ್ಕರೆ ಅನುಲೇಖನದ (ಡಿಎನ್‌ಎ ನೋಡಿ ಆರ್‌ಎನ್‌ಎ ತಯಾರಾಗುವುದರ) ಪಾಠಕ್ಕೂ ಇದೇ ಮಾದರಿ ಸಾಕು. ಬಿಡಿ ಫಾಸ್ಫೇಟ್‌ಗಳನ್ನು ಕನಿಷ್ಠ ನಾಲ್ಕು ಹೆಚ್ಚಿಗೆ ಕೇಳಿ ತೆಗೆದುಕೊಳ್ಳಿ: ಎರಡು, 5 ಪ್ರೈಮ್ ತುದಿಗಳಿಗೆ ಹಾಕಿ ತೋರಿಸಲು; ಎರಡು, ಮುರಿದವುಗಳ ಬದಲಿಗೆ.